ಅಣು ಅಚ್ಚೊತ್ತಿದ ಪಾಲಿಮರ್‌ನಿಂದ ಔಷಧ ಪತ್ತೆ: ಮೆಟ್ರೋನಿಡಜೋಲ್ ಸೆನ್ಸರ್ ಕಟ್ಟುವ ಸಮಗ್ರ ಮಾರ್ಗದರ್ಶಿ

ಮಾಲಿಕ್ಯುಲರ್ಲಿ ಇಂಪ್ರಿಂಟೆಡ್ ಪಾಲಿಮರ್, ಚಿಕ್ಕದಾಗಿ ಎಂಐಪಿ, ಎಂದರೆ ಗುರಿಯಾದ ಅಣುವಿನ ಸುತ್ತಲೇ ಬೆಳೆಸಿದ ಪಾಲಿಮರ್. ಅಣು ಇರುವಾಗಲೇ ಪಾಲಿಮರ್ ಗಟ್ಟಿಯಾಗುತ್ತದೆ, ಆಮೇಲೆ ಅಣುವನ್ನು ತೊಳೆದು ತೆಗೆಯುತ್ತೇವೆ. ಉಳಿಯುವುದು ಅದೇ ಅಣುವಿನ ಆಕಾರ ಮತ್ತು ಹೈಡ್ರೋಜನ್ ಬಂಧಗಳ ಜೋಡಣೆಗೆ ಹೊಂದುವ ಕುಳಿ. 1972ರಲ್ಲಿ ಗುಂಟರ್ ವುಲ್ಫ್ ಕೋವೇಲೆಂಟ್ ಬಂಧದ ಮೂಲಕ, 1981ರಲ್ಲಿ ಕ್ಲಾಸ್ ಮೋಸ್ಬಾಕ್ ದುರ್ಬಲ ಬಂಧಗಳ ಮೂಲಕ ಈ ವಿಧಾನಕ್ಕೆ ಇಂದಿನ ರೂಪ ಕೊಟ್ಟರು. 1993ರಲ್ಲಿ ಮೋಸ್ಬಾಕ್ ತಂಡ ಥಿಯೋಫಿಲಿನ್ ಮತ್ತು ಡಯಾಜೆಪಾಮ್ ಔಷಧಗಳನ್ನು ಪ್ರತಿಕಾಯದ ಬದಲು ಇಂಥ ಪಾಲಿಮರ್‌ನಿಂದಲೇ ಅಳೆದು ತೋರಿಸಿತು. ಈ ಮಾರ್ಗದರ್ಶಿಯಲ್ಲಿ ಬಳಸುವ ಆರ್ಥೋ-ಫಿನಿಲೀನ್‌ಡಯಮೈನ್ (ಮುಂದೆ ಓಪಿಡಿ) ಪದರಕ್ಕೆ ವಿದ್ಯುತ್ತಿನ ಮೂಲಕ ಅಚ್ಚೊತ್ತುವ ಕೆಲಸ 1999ರಲ್ಲಿ ಗ್ಲೂಕೋಸ್ ಮೇಲೆ ನಡೆಯಿತು.

ಇಲ್ಲಿ ಕಟ್ಟುವುದು ಮೆಟ್ರೋನಿಡಜೋಲ್ ಎಂಬ ಔಷಧವನ್ನು ಎಲೆಕ್ಟ್ರೋಡ್ ಮೇಲಿನ ಎಂಐಪಿ ಪದರದಲ್ಲಿ ಹಿಡಿದು, ಆಗ ಇಳಿಯುವ ವಿದ್ಯುತ್ ಪ್ರವಾಹದಿಂದ ಅಳೆಯುವ ಸೆನ್ಸರ್. ಪಾಲಿಮರ್ ಬೆಳೆಸುವುದು ಇದರಲ್ಲಿ ಸುಲಭದ ಭಾಗ. ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಕಷ್ಟವಿರುವುದು ಆಮೇಲೆ: ಪ್ರವಾಹ ಇಳಿಯಿತು, ಸರಿ, ಇಳಿದದ್ದು ಔಷಧ ಕುಳಿಗೆ ಹೊಕ್ಕಿದ್ದರಿಂದಲೋ, ಪದರ ಕೊಳೆಯಾದದ್ದರಿಂದಲೋ? ಇದನ್ನು ಬಿಡಿಸಿ ಹೇಳಲಾಗದಿದ್ದರೆ ಸೆನ್ಸರ್ ಇದ್ದೂ ಇಲ್ಲದಂತೆ. ಹೀಗಾಗಿ ಕೆಳಗಿನ ಪ್ರತಿ ಹಂತದಲ್ಲೂ ಅಚ್ಚಿಲ್ಲದ ಜೋಡಿ ಎಲೆಕ್ಟ್ರೋಡ್, ಅಂದರೆ ಎನ್‌ಐಪಿ, ಜೊತೆಯಲ್ಲೇ ಸಾಗುತ್ತದೆ.

ಮೆಟ್ರೋನಿಡಜೋಲ್ ಏಕೆ

ಕಲಿಯುವವರು ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಆರಿಸಿಕೊಳ್ಳುತ್ತಾರೆ, ಸುಲಭವಾಗಿ ಸಿಗುತ್ತದೆ ಎಂದು. ಆದರೆ ಓಪಿಡಿ ಪಾಲಿಮರ್ ಬೆಳೆಯುವ 0ರಿಂದ 0.8 ವೋಲ್ಟ್ ವ್ಯಾಪ್ತಿಯಲ್ಲೇ ಪ್ಯಾರಾಸಿಟಮಾಲ್ ಕೂಡ ಉತ್ಕರ್ಷಣಗೊಳ್ಳುತ್ತದೆ. ಅಚ್ಚು ಒತ್ತಬೇಕಾದ ಅಣುವೇ ಅರ್ಧದಲ್ಲಿ ರೂಪ ಬದಲಿಸಿದರೆ ಕುಳಿ ಯಾರ ಆಕಾರದ್ದು ಎಂದು ಹೇಳುವಂತಿಲ್ಲ. ಮೆಟ್ರೋನಿಡಜೋಲ್‌ಗೆ ಈ ತೊಂದರೆ ಇಲ್ಲ. ಅದರ ನೈಟ್ರೋ ಗುಂಪು ತಟಸ್ಥ ಪಿಎಚ್‌ನಲ್ಲಿ ಸುಮಾರು −0.7 ವೋಲ್ಟ್ ಬಳಿ ಅಪಕರ್ಷಣಗೊಳ್ಳುತ್ತದೆ (ಸಿಲ್ವರ್/ಸಿಲ್ವರ್ ಕ್ಲೋರೈಡ್ ಎಂಬ ರೆಫರೆನ್ಸ್, ಅಂದರೆ ಹೋಲಿಕೆಯ, ಎಲೆಕ್ಟ್ರೋಡ್ ಎದುರು, ಇಲ್ಲಿನ ಎಲ್ಲ ವೋಲ್ಟೇಜ್‌ಗಳೂ ಅದರೆದುರೇ), ಧನ ದಿಕ್ಕಿನಲ್ಲಿ 0.8 ವೋಲ್ಟ್‌ವರೆಗೆ ಸುಮ್ಮನಿರುತ್ತದೆ. ಅಣುತೂಕ 171.15. ನೀರಿನಲ್ಲಿ ಮಿಲಿಲೀಟರಿಗೆ ಸುಮಾರು 10 ಮಿ.ಗ್ರಾಂ ಕರಗುತ್ತದೆ. ಇಮಿಡಜೋಲ್ ಉಂಗುರದ ಸಾರಜನಕ, ನೈಟ್ರೋ ಗುಂಪಿನ ಆಮ್ಲಜನಕ, ತುದಿಯ ಹೈಡ್ರಾಕ್ಸಿಲ್ ಮೂರೂ ಓಪಿಡಿಯ ಅಮೈನ್ ಗುಂಪಿನೊಂದಿಗೆ ಹೈಡ್ರೋಜನ್ ಬಂಧ ಕಟ್ಟಬಲ್ಲವು. ಟಿನಿಡಜೋಲ್, ಸೆಕ್ನಿಡಜೋಲ್, ಆರ್ನಿಡಜೋಲ್ ಎಂಬ ಹತ್ತಿರದ ಬಂಧುಗಳಿರುವುದರಿಂದ ಆಯ್ಕೆ ಸಾಮರ್ಥ್ಯವನ್ನು ಕಟ್ಟುನಿಟ್ಟಾಗಿ ಪರೀಕ್ಷಿಸಲೂಬಹುದು.

ಬೇರೆ ಔಷಧ ಆರಿಸಿದರೆ ಮೊದಲ ಕೆಲಸ ಒಂದೇ: ಮಾನೋಮರ್ (ಪಾಲಿಮರ್ ಕಟ್ಟುವ ಬಿಡಿ ಅಣು, ಇಲ್ಲಿ ಓಪಿಡಿ) ಇಲ್ಲದೆ, ಔಷಧವನ್ನು ಮಾತ್ರ ಪಾಲಿಮರ್ ಬೆಳೆಸುವ ಬಫರ್‌ನಲ್ಲೇ ಕರಗಿಸಿ ಖಾಲಿ ಎಲೆಕ್ಟ್ರೋಡ್ ಮೇಲೆ 0ರಿಂದ 0.8 ವೋಲ್ಟ್‌ವರೆಗೆ ಸೈಕ್ಲಿಕ್ ವೋಲ್ಟಾಮೆಟ್ರಿ (ಸಿವಿ; ವೋಲ್ಟೇಜನ್ನು ಏರಿಸಿ ಇಳಿಸುತ್ತಾ ಪ್ರವಾಹ ಅಳೆಯುವುದು) ಓಡಿಸಿ ನೋಡಿ. ಯಾವ ಶಿಖರವೂ ಕಾಣದಿದ್ದರೆ ಮುಂದುವರಿಯಿರಿ. ಕಂಡರೆ ಮಾನೋಮರ್ ಬದಲಿಸಿ, ಇಲ್ಲವೇ ಔಷಧ ಬದಲಿಸಿ.

ಅಳತೆಯ ತತ್ವ

ಓಪಿಡಿಯಿಂದ ಇಲ್ಲಿ ಬಳಸುವ ಪಿಎಚ್ 5.2ರಲ್ಲಿ ಸಿಗುವ ಪದರ ವಿದ್ಯುತ್ ಹರಿಯಗೊಡದಂಥದ್ದು, ಕೆಲವೇ ನ್ಯಾನೋಮೀಟರ್‌ಗಳಿಂದ ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪದ್ದು. ತಾನು ಬೆಳೆದಷ್ಟೂ ಎಲೆಕ್ಟ್ರೋಡನ್ನು ತಾನೇ ಮುಚ್ಚಿಕೊಳ್ಳುವುದರಿಂದ ಬೆಳವಣಿಗೆ ಒಂದು ಹಂತದಲ್ಲಿ ತಾನಾಗಿ ನಿಲ್ಲುತ್ತದೆ. ಔಷಧವನ್ನು ತೊಳೆದು ತೆಗೆದಾಗ ಪದರದಲ್ಲಿ ಕುಳಿಗಳೂ ಅವುಗಳ ನಡುವಿನ ಕಿರುದಾರಿಗಳೂ ತೆರೆದುಕೊಳ್ಳುತ್ತವೆ. ದ್ರಾವಣದಲ್ಲಿರುವ ಫೆರಿಸಯನೈಡ್/ಫೆರೋಸಯನೈಡ್ ಎಂಬ ಸೂಚಕ ಜೋಡಿ ಆ ದಾರಿಯಲ್ಲಿ ಎಲೆಕ್ಟ್ರೋಡನ್ನು ಮುಟ್ಟಿ ಪ್ರವಾಹ ಕೊಡುತ್ತದೆ. ಔಷಧ ಮತ್ತೆ ಕುಳಿ ಹೊಕ್ಕರೆ ದಾರಿ ಮುಚ್ಚಿ ಪ್ರವಾಹ ಇಳಿಯುತ್ತದೆ. ಇದು ಪರೋಕ್ಷ ವಿಧಾನ. ಮೆಟ್ರೋನಿಡಜೋಲ್‌ನ ಸ್ವಂತ ಅಪಕರ್ಷಣ ಶಿಖರವನ್ನೇ ಓದುವುದು ನೇರ ವಿಧಾನ, ಅದು ಕೊನೆಯ ಭಾಗದಲ್ಲಿದೆ.

ಬೇಕಾದ ಸಾಮಗ್ರಿ

ಸಿವಿ ಮತ್ತು ಡಿಫರೆನ್ಷಿಯಲ್ ಪಲ್ಸ್ ವೋಲ್ಟಾಮೆಟ್ರಿ (ಡಿಪಿವಿ; ವೋಲ್ಟೇಜನ್ನು ಕಿರು ಪಲ್ಸ್‌ಗಳಲ್ಲಿ ಏರಿಸುತ್ತಾ ಪ್ರವಾಹ ಅಳೆಯುವುದು) ಮಾಡಬಲ್ಲ ಯಾವ ಪೊಟೆನ್ಷಿಯೋಸ್ಟ್ಯಾಟ್ (ವೋಲ್ಟೇಜ್ ಕೊಟ್ಟು ಪ್ರವಾಹ ಓದುವ ಯಂತ್ರ) ಆದರೂ ಸರಿ. ಇಂಪಿಡೆನ್ಸ್ (ಎಸಿ ವಿದ್ಯುತ್ತಿಗೆ ಪದರ ಒಡ್ಡುವ ತಡೆ) ಅಳೆಯುವ ಸೌಲಭ್ಯ ಇದ್ದರೆ ಲಾಭ, ಇಲ್ಲದಿದ್ದರೂ ಕೆಲಸ ನಿಲ್ಲದು. 3 ಮಿ.ಮೀ ವ್ಯಾಸದ ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್‌ಗಳು ಕನಿಷ್ಠ ನಾಲ್ಕು (ಎರಡು ಎಂಐಪಿಗೆ, ಎರಡು ಎನ್‌ಐಪಿಗೆ), 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ (ಕೆಸಿಎಲ್) ತುಂಬಿದ ಸಿಲ್ವರ್/ಸಿಲ್ವರ್ ಕ್ಲೋರೈಡ್ ರೆಫರೆನ್ಸ್, ಪ್ಲಾಟಿನಂ ತಂತಿ, ಮ್ಯಾಗ್ನೆಟಿಕ್ ಸ್ಟರರ್, ಪಿಎಚ್ ಮೀಟರ್, ಸೋನಿಕೇಟರ್, ನೈಟ್ರೋಜನ್ ಸಿಲಿಂಡರ್, 1.0, 0.3 ಮತ್ತು 0.05 ಮೈಕ್ರಾನ್ ಅಲ್ಯುಮಿನಾ ಪುಡಿ, ಪಾಲಿಶ್ ಬಟ್ಟೆ.

ಓಪಿಡಿ ವಿಷಕಾರಿ. ಚರ್ಮಕ್ಕೆ ಅಲರ್ಜಿ ತರುತ್ತದೆ, ಕ್ಯಾನ್ಸರ್‌ಕಾರಕ ಎಂಬ ಶಂಕೆಯೂ ಇದೆ. ನೈಟ್ರೈಲ್ ಕೈಗವಸು ತೊಟ್ಟು ಫ್ಯೂಮ್ ಹುಡ್ ಒಳಗೇ ತೂಗಿ. ಹೊಸ ಓಪಿಡಿ ಬಿಳಿ ಅಥವಾ ತಿಳಿ ಹಳದಿ ಇರುತ್ತದೆ. ಗಾಢ ಕಂದು ಪುಡಿ ಈಗಾಗಲೇ ಗಾಳಿಯಲ್ಲಿ ಉತ್ಕರ್ಷಣಗೊಂಡದ್ದು. ಅದರಿಂದ ಒಳ್ಳೆಯ ಪದರ ಬರುವುದಿಲ್ಲ, ಹಣ ಉಳಿಸಲು ಹೋಗಿ ವಾರ ಕಳೆದುಕೊಳ್ಳಬೇಡಿ.

ದ್ರಾವಣಗಳು

ಅಸಿಟೇಟ್ ಬಫರ್, 0.1 ಮೋಲಾರ್, ಪಿಎಚ್ 5.2, 500 ಮಿ.ಲೀ: ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ 4.99 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 0.77 ಮಿ.ಲೀ. ಲೆಕ್ಕದ ಪ್ರಕಾರ ಬೆರೆಸಿದರೂ ಪಿಎಚ್ ತುಸು ಕೆಳಗೆ ನಿಲ್ಲಬಹುದು, ಸೋಡಿಯಂ ಹೈಡ್ರಾಕ್ಸೈಡ್ ಹನಿಗಳಿಂದ 5.2ಕ್ಕೆ ತನ್ನಿ. ಈ ಪಿಎಚ್‌ಗೆ ಕಾರಣವಿದೆ: ಓಪಿಡಿಯ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್) ಸುಮಾರು 4.5 ಆದ್ದರಿಂದ 5.2ರಲ್ಲಿ ಅದರ ಬಹುಪಾಲು ತಟಸ್ಥವಾಗಿಯೇ ಇದ್ದು ಹೈಡ್ರೋಜನ್ ಬಂಧಕ್ಕೆ ಸಿಗುತ್ತದೆ. ಪ್ರಬಲ ಆಮ್ಲದಲ್ಲಿ ಬೆಳೆಸಿದರೆ ವಿದ್ಯುತ್ ಹರಿಸುವ ಬೇರೆ ಬಗೆಯ ಪದರ ಬರುತ್ತದೆ.

ಪಾಲಿಮರ್ ದ್ರಾವಣ, 50 ಮಿ.ಲೀ: ಮೇಲಿನ ಬಫರ್‌ನಲ್ಲಿ ಓಪಿಡಿ 27.0 ಮಿ.ಗ್ರಾಂ (5 ಮಿಲಿಮೋಲಾರ್) ಮತ್ತು ಮೆಟ್ರೋನಿಡಜೋಲ್ 21.4 ಮಿ.ಗ್ರಾಂ (2.5 ಮಿಲಿಮೋಲಾರ್). ಎನ್‌ಐಪಿಗೆ ಮೆಟ್ರೋನಿಡಜೋಲ್ ಬಿಟ್ಟು ಉಳಿದದ್ದೆಲ್ಲ ಅದೇ. ಎರಡನ್ನೂ ಅಂದೇ ಮಾಡಿ ಅಂದೇ ಮುಗಿಸಿ. ಮಾರನೆಯ ದಿನಕ್ಕೆ ಹಳದಿಯಾದ ದ್ರಾವಣ ಚೆಲ್ಲಬೇಕಾದದ್ದೇ.

ಸೂಚಕ ದ್ರಾವಣ, 250 ಮಿ.ಲೀ: ಪೊಟ್ಯಾಶಿಯಂ ಫೆರಿಸಯನೈಡ್ 0.412 ಗ್ರಾಂ, ಪೊಟ್ಯಾಶಿಯಂ ಫೆರೋಸಯನೈಡ್ ಟ್ರೈಹೈಡ್ರೇಟ್ 0.528 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 1.86 ಗ್ರಾಂ. ಎರಡೂ ಸಯನೈಡ್ ಲವಣಗಳು 5 ಮಿಲಿಮೋಲಾರ್, ಕೆಸಿಎಲ್ 0.1 ಮೋಲಾರ್ ಆಗುತ್ತದೆ. ಕಂದು ಬಾಟಲಿಯಲ್ಲಿಡಿ. ಹಸಿರು ಅಥವಾ ನೀಲಿ ಛಾಯೆ ಬಂದರೆ ಪ್ರಷ್ಯನ್ ನೀಲಿ ಹುಟ್ಟಿದೆ ಎಂದರ್ಥ, ಬಳಸಬೇಡಿ.

ಮೆಟ್ರೋನಿಡಜೋಲ್ ಮೂಲ ದ್ರಾವಣ: 17.1 ಮಿ.ಗ್ರಾಂ ಅನ್ನು 10 ಮಿ.ಲೀ 0.1 ಮೋಲಾರ್ ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ 7.0) ಕರಗಿಸಿದರೆ 10 ಮಿಲಿಮೋಲಾರ್. ಇದರಿಂದ ಹತ್ತು ಪಟ್ಟಿನಂತೆ ತೆಳುಗೊಳಿಸುತ್ತಾ 10 ನ್ಯಾನೋಮೋಲಾರ್‌ವರೆಗೆ ಇಳಿಯಿರಿ. ಬೆಳಕಿಗೆ ಕೆಡುವ ಔಷಧ, ಬಾಟಲಿಗೆ ಅಲ್ಯುಮಿನಿಯಂ ಹಾಳೆ ಸುತ್ತಿ.

ಹಂತ 1: ಎಲೆಕ್ಟ್ರೋಡ್ ಪಾಲಿಶ್

1.0, 0.3, 0.05 ಮೈಕ್ರಾನ್ ಕ್ರಮದಲ್ಲಿ, ಒಂದೊಂದರ ಮೇಲೂ ಎರಡು ಮೂರು ನಿಮಿಷ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತಿರುಗಿಸುತ್ತಾ ಉಜ್ಜಿ. ಎಲೆಕ್ಟ್ರೋಡ್ ನೆಟ್ಟಗಿರಲಿ, ವಾಲಿದರೆ ಅಂಚು ಸವೆಯುತ್ತದೆ. ಪ್ರತಿ ಪುಡಿಗೂ ಬೇರೆ ಬಟ್ಟೆ. ಆಮೇಲೆ ಎಥೆನಾಲ್‌ನಲ್ಲಿ ಒಂದು ನಿಮಿಷ, ಡಿಅಯೋನೈಸ್ಡ್ ನೀರಿನಲ್ಲಿ ಒಂದು ನಿಮಿಷ ಸೋನಿಕೇಟ್ ಮಾಡಿ. ಹೆಚ್ಚು ಹೊತ್ತು ಬಿಟ್ಟರೆ ಕಾರ್ಬನ್ ಮತ್ತು ಸುತ್ತಲಿನ ಪ್ಲಾಸ್ಟಿಕ್ ನಡುವಿನ ಅಂಟು ಬಿಡುತ್ತದೆ.

ಪರೀಕ್ಷೆ: ಸೂಚಕ ದ್ರಾವಣದಲ್ಲಿ −0.2ರಿಂದ 0.6 ವೋಲ್ಟ್‌ವರೆಗೆ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಸಿವಿ. 3 ಮಿ.ಮೀ ಎಲೆಕ್ಟ್ರೋಡಿಗೆ ರ‍್ಯಾಂಡಲ್ಸ್-ಸೆವ್ಚಿಕ್ ಸಮೀಕರಣ ಕೊಡುವ ಶಿಖರ ಪ್ರವಾಹ ಸುಮಾರು 59 ಮೈಕ್ರೋಆಂಪಿಯರ್. ಎರಡು ಶಿಖರಗಳ ಅಂತರ 60ರಿಂದ 80 ಮಿಲಿವೋಲ್ಟ್ ಒಳಗಿರಬೇಕು. 100 ದಾಟಿದರೆ ಮತ್ತೆ ಪಾಲಿಶ್. ಪ್ರವಾಹ 59ಕ್ಕಿಂತ ಬಹಳ ಹೆಚ್ಚಿದ್ದರೆ ಖುಷಿಪಡಬೇಡಿ, ಎಲೆಕ್ಟ್ರೋಡಿನ ಅಂಚಿನಲ್ಲಿ ದ್ರಾವಣ ನುಸುಳಿದೆಯೇ ನೋಡಿ. ನಾಲ್ಕೂ ಎಲೆಕ್ಟ್ರೋಡ್‌ಗಳ ಪ್ರವಾಹ ಶೇ 5ರ ಒಳಗೆ ಹೊಂದಿಕೆಯಾದ ಮೇಲೆಯೇ ಮುಂದಿನ ಹಂತ. ಇಲ್ಲಿ ಬಿಟ್ಟ ವ್ಯತ್ಯಾಸ ಕೊನೆಯಲ್ಲಿ ದೊಡ್ಡದಾಗಿ ಎದುರಾಗುತ್ತದೆ.

ಹಂತ 2: ಪದರ ಬೆಳೆಸುವುದು

ಪಾಲಿಮರ್ ದ್ರಾವಣಕ್ಕೆ 10 ನಿಮಿಷ ನೈಟ್ರೋಜನ್ ಹಾಯಿಸಿ. ಕತ್ತಲಲ್ಲಿ 20ರಿಂದ 30 ನಿಮಿಷ ಬಿಡಿ, ಔಷಧ ಮತ್ತು ಮಾನೋಮರ್ ನಡುವೆ ಬಂಧಗಳು ಏರ್ಪಡಲಿ. ನಂತರ ಕಲಕದೆ 0ರಿಂದ 0.8 ವೋಲ್ಟ್‌ವರೆಗೆ, ಸೆಕೆಂಡಿಗೆ 50 ಮಿಲಿವೋಲ್ಟ್‌ನಂತೆ 25 ಸುತ್ತು ಸಿವಿ. ಸುತ್ತಿಗೆ 32 ಸೆಕೆಂಡ್, ಒಟ್ಟು ಹದಿಮೂರು ನಿಮಿಷ ಚಿಲ್ಲರೆ.

ಪರದೆಯ ಮೇಲೆ ಕಾಣಬೇಕಾದದ್ದು: ಮೊದಲ ಸುತ್ತಿನಲ್ಲಿ 0.4 ವೋಲ್ಟ್ ಆಸುಪಾಸು ದೊಡ್ಡ ಉತ್ಕರ್ಷಣ ಶಿಖರ, ಹಿಮ್ಮುಖ ಹಾದಿಯಲ್ಲಿ ಅದಕ್ಕೆ ಜೋಡಿಯಿಲ್ಲ. ಎರಡನೆಯ ಸುತ್ತಿನಲ್ಲೇ ಅದು ಗಣನೀಯವಾಗಿ ಇಳಿದು, ಹದಿನೈದು ಇಪ್ಪತ್ತರ ಹೊತ್ತಿಗೆ ಬಹುತೇಕ ಸಮತಟ್ಟಾಗುತ್ತದೆ. ಪ್ರವಾಹ ಸುತ್ತಿನಿಂದ ಸುತ್ತಿಗೆ ಏರುತ್ತಿದ್ದರೆ ಪಿಎಚ್ ತಪ್ಪಿದೆ. ಎಲೆಕ್ಟ್ರೋಡ್ ಸುತ್ತ ದ್ರಾವಣ ಹಳದಿ-ಕಂದಾದರೆ ಓಪಿಡಿ ಪದರವಾಗುವ ಬದಲು ಚಿಕ್ಕ ಫಿನಜೀನ್ ಅಣುಗಳಾಗಿ ಕರಗಿ ಹೋಗುತ್ತಿದೆ. ಹಳೆಯ ಮಾನೋಮರ್ ಅಥವಾ ಉಳಿದ ಆಮ್ಲಜನಕ ಕಾರಣವಿರಬಹುದು.

25 ಸುತ್ತು ಆರಂಭಕ್ಕೆ ಮಾತ್ರ. 10, 15, 20, 25, 30 ಸುತ್ತುಗಳ ಪದರ ಮಾಡಿ, ಪ್ರತಿಯೊಂದಕ್ಕೂ 1 ಮೈಕ್ರೋಮೋಲಾರ್ ಔಷಧಕ್ಕೆ ಸಿಗುವ ಸಿಗ್ನಲ್ ಹೋಲಿಸಿ. ತೆಳು ಪದರದಲ್ಲಿ ಕುಳಿ ಕಡಿಮೆ, ತೂತು ಹೆಚ್ಚು. ದಪ್ಪ ಪದರದಲ್ಲಿ ಔಷಧ ಒಳಗೇ ಹೂತು ಹೋಗಿ ಎಷ್ಟು ತೊಳೆದರೂ ಬರುವುದಿಲ್ಲ. ಔಷಧ-ಮಾನೋಮರ್ ಅನುಪಾತವನ್ನೂ 1:1ರಿಂದ 1:5ರವರೆಗೆ ಹೀಗೆಯೇ ನೋಡಬೇಕು. ಆದರೆ ಹೆಚ್ಚು ಸಿಗ್ನಲ್ ಕೊಟ್ಟದ್ದನ್ನಲ್ಲ, ಎಂಐಪಿ ಮತ್ತು ಎನ್‌ಐಪಿ ನಡುವೆ ಹೆಚ್ಚು ಅಂತರ ಕೊಟ್ಟದ್ದನ್ನು ಆರಿಸಿ.

ಮುಗಿದ ಮೇಲೆ ನೀರಿನಲ್ಲಿ ತೊಳೆದು ಸೂಚಕದಲ್ಲಿ ಸಿವಿ ನೋಡಿ. 59 ಮೈಕ್ರೋಆಂಪಿಯರ್ ಇದ್ದ ಶಿಖರ ಹೆಚ್ಚುಕಡಿಮೆ ಅಳಿಸಿಹೋಗಿರಬೇಕು. ಸ್ಪಷ್ಟ ಶಿಖರ ಉಳಿದಿದ್ದರೆ ಪದರದಲ್ಲಿ ಸೂಜಿತೂತುಗಳಿವೆ. ಆ ಎಲೆಕ್ಟ್ರೋಡನ್ನು ಮುಂದುವರಿಸದೆ ಪಾಲಿಶ್‌ಗೆ ಮರಳಿಸಿ.

ಹಂತ 3: ಔಷಧವನ್ನು ಹೊರತೆಗೆಯುವುದು

ಮೆಥನಾಲ್ ಮತ್ತು ಅಸಿಟಿಕ್ ಆಮ್ಲ 9:1 ಗಾತ್ರದಲ್ಲಿ ಬೆರೆಸಿ, 20 ಮಿ.ಲೀ.ನಲ್ಲಿ ಎಲೆಕ್ಟ್ರೋಡ್ ಮುಳುಗಿಸಿ ಹದವಾಗಿ ಕಲಕುತ್ತಾ 15 ನಿಮಿಷ. ಆಮ್ಲ ಹೈಡ್ರೋಜನ್ ಬಂಧಗಳನ್ನು ಬಿಡಿಸುತ್ತದೆ, ಮೆಥನಾಲ್ ಔಷಧವನ್ನು ಒಯ್ಯುತ್ತದೆ. ಬಳಿಕ ಫಾಸ್ಫೇಟ್ ಬಫರ್‌ನಲ್ಲಿ 5 ನಿಮಿಷ, ನೀರಿನಲ್ಲಿ ಒಂದು ಅದ್ದು. ಆಮ್ಲದ ಹನಿ ಸೂಚಕ ದ್ರಾವಣಕ್ಕೆ ಹೋಗಬಾರದು ಎನ್ನುವುದಕ್ಕೂ ಈ ಬಫರ್ ತೊಳೆತ ಬೇಕೇ ಬೇಕು.

ಇಲ್ಲಿ ಬಹಳ ಮಂದಿ ಎಡವುವುದು ಎನ್‌ಐಪಿಯನ್ನು ತೊಳೆಯದೆ ಬಿಡುವುದರಲ್ಲಿ. ಅದರೊಳಗೆ ಔಷಧವೇ ಇಲ್ಲ, ತೊಳೆಯುವುದೇಕೆ ಎನಿಸುತ್ತದೆ. ಮೆಥನಾಲ್-ಆಮ್ಲ ಪದರವನ್ನೇ ಉಬ್ಬಿಸಿ ಸಡಿಲಗೊಳಿಸಬಲ್ಲದು. ತೊಳೆದ ಎಂಐಪಿಯನ್ನು ತೊಳೆಯದ ಎನ್‌ಐಪಿಗೆ ಹೋಲಿಸಿದರೆ ಆ ಸಡಿಲಿಕೆಯೆಲ್ಲ ಕುಳಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಎನ್‌ಐಪಿಗೂ ಅದೇ ದ್ರಾವಣ, ಅಷ್ಟೇ ನಿಮಿಷ, ಅದೇ ವೇಗ.

ಔಷಧ ಪೂರ್ತಿ ಹೋಯಿತೇ ಎಂದು ತಿಳಿಯಲು ತೊಳೆದ ದ್ರಾವಣವನ್ನು ಯುವಿ ಯಂತ್ರಕ್ಕೆ ಕೊಡುವ ರೂಢಿಯಿದೆ. ಮೆಟ್ರೋನಿಡಜೋಲ್ 320 ನ್ಯಾನೋಮೀಟರ್ ಬಳಿ ಚೆನ್ನಾಗಿ ಹೀರುತ್ತದೆ, ನಿಜ. ಆದರೆ 0.07 ಚದರ ಸೆಂ.ಮೀ ಮೇಲಿನ ಇಷ್ಟು ತೆಳು ಪದರದಲ್ಲಿರುವುದು ಕೆಲವು ಪಿಕೋಮೋಲ್‌ಗಳ ದರ್ಜೆಯ ಔಷಧ. 20 ಮಿ.ಲೀ.ನಲ್ಲಿ ಅದು ನ್ಯಾನೋಮೋಲಾರ್ ಕೂಡ ಆಗುವುದಿಲ್ಲ, ಯುವಿಗೆ ಕಾಣುವುದೇ ಇಲ್ಲ. ಎಲೆಕ್ಟ್ರೋಡನ್ನೇ ಕೇಳಬೇಕು: 5 ನಿಮಿಷ ತೊಳೆದು ಡಿಪಿವಿ ಓದಿ, ಮತ್ತೆ 5 ನಿಮಿಷ, ಮತ್ತೆ ಓದಿ. ಶಿಖರ ಏರುವುದು ನಿಂತಾಗ ತೊಳೆತ ಮುಗಿಯಿತು. ಏರುತ್ತಲೇ ಹೋಗಿ ಖಾಲಿ ಎಲೆಕ್ಟ್ರೋಡಿನ ಮಟ್ಟ ಮುಟ್ಟಿದರೆ ಪದರವೇ ಕಿತ್ತುಬಂದಿದೆ. ಸರಿಯಾದ ಎಂಐಪಿಯಲ್ಲಿ ಪ್ರವಾಹ ನಡುವೆಲ್ಲೋ ನಿಲ್ಲುತ್ತದೆ, ಎನ್‌ಐಪಿಯಲ್ಲಿ ತಳದಲ್ಲೇ ಉಳಿಯುತ್ತದೆ.

ಹಂತ 4: ಶೂನ್ಯವನ್ನು ಸ್ಥಿರಗೊಳಿಸುವುದು

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು, ಕೈಕೊಡುವುದೂ ಇಲ್ಲೇ. ಔಷಧವಿಲ್ಲದ ಫಾಸ್ಫೇಟ್ ಬಫರ್‌ನಲ್ಲಿ 10 ನಿಮಿಷ ಇಡಿ, 5 ಸೆಕೆಂಡ್ ನೀರಿನಲ್ಲಿ ಅದ್ದಿ, ಸೂಚಕದಲ್ಲಿ ಡಿಪಿವಿ ಓದಿ. ಇದನ್ನೇ ಪುನರಾವರ್ತಿಸಿ. ಹೊಸ ಪದರದಲ್ಲಿ ಮೊದಲ ಕೆಲವು ಓದುಗಳು ಔಷಧದ ಸುಳಿವಿಲ್ಲದೆಯೇ ಜಾರುತ್ತವೆ: ಪದರ ನೀರು ಕುಡಿದು ನೆಲೆಗೊಳ್ಳುತ್ತಿರುತ್ತದೆ. ಒಂದರ ಹಿಂದೊಂದು ಮೂರು ಓದುಗಳು ಶೇ 2ರ ಒಳಗೆ ಬಂದಾಗ ಅವುಗಳ ಸರಾಸರಿಯೇ ಶೂನ್ಯ ಪ್ರವಾಹ. ಆ ಓದುಗಳ ಚದುರುವಿಕೆಯನ್ನು ಬರೆದಿಡಿ, ಪತ್ತೆ ಮಿತಿಯ ಲೆಕ್ಕಕ್ಕೆ ಅದೇ ಆಧಾರ.

ಡಿಪಿವಿ ವ್ಯವಸ್ಥೆ: −0.1ರಿಂದ 0.5 ವೋಲ್ಟ್, ಹೆಜ್ಜೆ 5 ಮಿಲಿವೋಲ್ಟ್, ಪಲ್ಸ್ ಎತ್ತರ 50 ಮಿಲಿವೋಲ್ಟ್, ಪಲ್ಸ್ ಅವಧಿ 50 ಮಿಲಿಸೆಕೆಂಡ್, ಆರಂಭಕ್ಕೆ ಮುನ್ನ 10 ಸೆಕೆಂಡ್ ವಿರಾಮ. ಶಿಖರ 0.2 ವೋಲ್ಟ್ ಆಸುಪಾಸು ಬರುತ್ತದೆ. ಇಂಪಿಡೆನ್ಸ್ ಇದ್ದರೆ 100 ಕಿಲೋಹರ್ಟ್ಸ್‌ನಿಂದ 0.1 ಹರ್ಟ್ಸ್, 10 ಮಿಲಿವೋಲ್ಟ್ ಅಲೆ. ಔಷಧ ಸೇರಿದಂತೆ ಇಂಪಿಡೆನ್ಸ್ ನಕ್ಷೆಯ ಅರ್ಧವೃತ್ತ ಹಿಗ್ಗಬೇಕು. ಆ ನಕ್ಷೆಗೆ ವಿದ್ಯುತ್ ಮಂಡಲದ ಮಾದರಿ ಹೊಂದಿಸುವಾಗ ಶುದ್ಧ ಕೆಪಾಸಿಟರ್ ಬದಲು ಸ್ಥಿರ ಹಂತ ಘಟಕ (ಕಾನ್‌ಸ್ಟಂಟ್ ಫೇಸ್ ಎಲಿಮೆಂಟ್) ಬಳಸಿ, ಪದರ ಎಂದೂ ಅಷ್ಟು ಸಮವಾಗಿರುವುದಿಲ್ಲ.

ಹಂತ 5: ಔಷಧವನ್ನು ಹಿಡಿಸುವುದು

10 ಮಿ.ಲೀ ಔಷಧ ದ್ರಾವಣ, ನಿಗದಿತ ವೇಗದ ಕಲಕು, 10 ನಿಮಿಷ. ತೆಗೆದು 5 ಸೆಕೆಂಡ್ ನೀರಿನಲ್ಲಿ ಅದ್ದಿ, ಡಿಪಿವಿ. ಅದ್ದುವ ಸಮಯ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ, ಗಡಿಯಾರ ಎದುರಿಗಿರಲಿ. ಓದು ಹೀಗೆ ಬರೆಯಿರಿ: (ಶೂನ್ಯ ಪ್ರವಾಹ − ಈಗಿನ ಪ್ರವಾಹ) ÷ ಶೂನ್ಯ ಪ್ರವಾಹ. ಪ್ರತಿ ಎಲೆಕ್ಟ್ರೋಡೂ ತನ್ನದೇ ಶೂನ್ಯಕ್ಕೆ ಭಾಗವಾಗುವುದರಿಂದ ಎಲೆಕ್ಟ್ರೋಡ್‌ಗಳ ನಡುವಿನ ವ್ಯತ್ಯಾಸ ಬಹಳಷ್ಟು ಅಡಗುತ್ತದೆ.

10 ನಿಮಿಷ ಸಾಕೇ ಎಂಬುದನ್ನು ನೀವೇ ನೋಡಿಕೊಳ್ಳಬೇಕು. 1 ಮೈಕ್ರೋಮೋಲಾರ್‌ನಲ್ಲಿ 1, 2, 4, 6, 8, 10, 15 ನಿಮಿಷಗಳ ಓದು ತೆಗೆದರೆ ರೇಖೆ ಎಲ್ಲಿ ಸಮತಟ್ಟಾಗುತ್ತದೆ ತಿಳಿಯುತ್ತದೆ. ಆದರೆ 10 ನ್ಯಾನೋಮೋಲಾರ್‌ನಲ್ಲಿ ಅದೇ ಸಮಯ ಸಾಲದು: ಕಡಿಮೆ ಸಾಂದ್ರತೆಯಲ್ಲಿ ಸಮತೋಲನ ನಿಧಾನ. ಸಮತೋಲನಕ್ಕೆ ಕಾಯದಿದ್ದರೂ ತೊಂದರೆಯಿಲ್ಲ, ಎಲ್ಲ ಓದಿಗೂ ಒಂದೇ ಸಮಯ ಪಾಲಿಸಿದರೆ ಸಾಕು.

ಗಾತ್ರದ ವಿಷಯಕ್ಕೂ ಗಮನವಿರಲಿ. ಸ್ಕ್ರೀನ್-ಪ್ರಿಂಟೆಡ್ ಎಲೆಕ್ಟ್ರೋಡ್ ಮೇಲೆ 50 ಮೈಕ್ರೋಲೀಟರ್ ಹನಿ ಬಿಡುವುದು ಅನುಕೂಲ ಎನಿಸುತ್ತದೆ. 10 ನ್ಯಾನೋಮೋಲಾರ್ ದ್ರಾವಣದ ಆ ಹನಿಯಲ್ಲಿರುವುದು 0.5 ಪಿಕೋಮೋಲ್ ಔಷಧ, ಪದರದ ಕುಳಿಗಳೇ ಅದಕ್ಕಿಂತ ಹೆಚ್ಚಿರಬಹುದು. ಹನಿಯೇ ಬರಿದಾಗಿ ಓದು ಕೆಳಗೆ ಬೀಳುತ್ತದೆ. 10 ಮಿ.ಲೀ.ನಲ್ಲಿ 100 ಪಿಕೋಮೋಲ್ ಇರುವುದರಿಂದ ಈ ಪ್ರಶ್ನೆ ಏಳುವುದಿಲ್ಲ.

ಹಂತ 6: ಮಾಪನ ರೇಖೆ ಮತ್ತು ಪತ್ತೆ ಮಿತಿ

10, 30, 100, 300 ನ್ಯಾನೋಮೋಲಾರ್, 1, 3, 10 ಮೈಕ್ರೋಮೋಲಾರ್, ಕಡಿಮೆಯಿಂದ ಹೆಚ್ಚಿಗೆ. ಕನಿಷ್ಠ ಮೂರು ಬೇರೆ ಬೇರೆ ಪದರಗಳ ಮೇಲೆ, ಒಂದೇ ಪದರದ ಮೂರು ಓದುಗಳಲ್ಲ. ಕುಳಿಗಳು ಸೀಮಿತವಾದ್ದರಿಂದ ರೇಖೆ ಬಾಗುವುದು ಸಹಜ. ಲ್ಯಾಂಗ್ಮ್ಯೂರ್ ಅಥವಾ ಫ್ರಾಯ್ಂಡ್ಲಿಶ್ ಸಮೀಕರಣಕ್ಕೆ ಹೊಂದಿಸಿ. ಸಾಂದ್ರತೆಯ ಲಾಗ್ ತೆಗೆದು ನೇರ ಗೆರೆ ಎಳೆಯುವುದೂ ಚಾಲ್ತಿಯಲ್ಲಿದೆ, ಕೆಲಸಕ್ಕೆ ಬರುತ್ತದೆ. ಆದರೆ ಆ ಲಾಗ್ ಗೆರೆಯ ಇಳಿಜಾರನ್ನು 3.3 ಸಿಗ್ಮಾ (ಮಾನಕ ವಿಚಲನೆ) ಭಾಗಿಸು ಇಳಿಜಾರು ಎಂಬ ಸೂತ್ರಕ್ಕೆ ತುರುಕಿ ಪತ್ತೆ ಮಿತಿ ಹೇಳುವುದು ತಪ್ಪು, ಆ ಸೂತ್ರ ನೇರ ಸಾಂದ್ರತೆಯ ಗೆರೆಗೆ ಮಾತ್ರ. ಸರಿಯಾದ ದಾರಿ: ಹಂತ 4ರ ಖಾಲಿ ಓದುಗಳ ಸರಾಸರಿಗೆ ಅವುಗಳ ಮಾನಕ ವಿಚಲನೆಯ ಮೂರು ಪಟ್ಟು ಕೂಡಿಸಿ, ಆ ಸಿಗ್ನಲ್ ಮಾಪನ ರೇಖೆಯಲ್ಲಿ ಯಾವ ಸಾಂದ್ರತೆಗೆ ಸಲ್ಲುತ್ತದೆ ಎಂದು ಓದಿ. ಬರುವ ಸಂಖ್ಯೆ ಬಹುಪಾಲು ಅಷ್ಟು ಆಕರ್ಷಕವಾಗಿರುವುದಿಲ್ಲ. ಆದರೆ ಬೇರೆಯವರು ಮಾಡಿ ನೋಡಿದರೂ ಅದೇ ಬರುತ್ತದೆ.

ಎನ್‌ಐಪಿಗೂ ಇದೇ ಸಾಂದ್ರತೆಗಳು. ಎರಡರ ಸಿಗ್ನಲ್‌ಗಳ ಅನುಪಾತವೇ ಅಚ್ಚಿನ ಗುಣಾಂಕ. 1ರ ಹತ್ತಿರವಿದ್ದರೆ ಕುಳಿಗಳಿಲ್ಲ, ಬರೀ ಅಂಟಿಕೊಳ್ಳುವಿಕೆ. ಒಂದು ಕಿವಿಮಾತು: ಎನ್‌ಐಪಿಯ ಶೂನ್ಯ ಪ್ರವಾಹವೇ ತೀರ ಚಿಕ್ಕದಾದ್ದರಿಂದ ಅದಕ್ಕೆ ಭಾಗಿಸಿದ ಓದು ವಿಪರೀತ ಕುಣಿಯುತ್ತದೆ. ಹೀಗಾದಾಗ ಇನ್ನೊಂದು ನಿಯಂತ್ರಣ ಕಟ್ಟಿ: ಮೆಟ್ರೋನಿಡಜೋಲ್ ಬದಲು ಸಂಬಂಧವಿಲ್ಲದ, ಈ ವ್ಯಾಪ್ತಿಯಲ್ಲಿ ಉತ್ಕರ್ಷಣಗೊಳ್ಳದ ಬೇರೆ ಅಣುವಿನ ಅಚ್ಚು ಹಾಕಿದ ಪದರ. ಅದಕ್ಕೂ ರಂಧ್ರಗಳಿರುತ್ತವೆ, ಆಕಾರ ಮಾತ್ರ ಬೇರೆ. ನಮ್ಮ ಅಭಿಪ್ರಾಯದಲ್ಲಿ ಎನ್‌ಐಪಿಗಿಂತ ಇದೇ ಹೆಚ್ಚು ಪ್ರಾಮಾಣಿಕ ಹೋಲಿಕೆ.

ಹಂತ 7: ಆಯ್ಕೆ ಸಾಮರ್ಥ್ಯ

ಗ್ಲೂಕೋಸ್, ಯೂರಿಯಾ, ಸೋಡಿಯಂ ಕ್ಲೋರೈಡ್ ಹಾಕಿ ಅಡ್ಡಿಯಿಲ್ಲ ಎಂದು ಬರೆಯುವುದು ಪರೀಕ್ಷೆಯಲ್ಲ. ಬಂಧುಗಳನ್ನು ತನ್ನಿ. ಟಿನಿಡಜೋಲ್‌ನಲ್ಲಿ ಹೈಡ್ರಾಕ್ಸಿಲ್ ಜಾಗದಲ್ಲಿ ದೊಡ್ಡ ಈಥೈಲ್‌ಸಲ್ಫೋನಿಲ್ ಇದೆ, ಕುಳಿಗೆ ಹೊಂದುವುದು ಕಷ್ಟ. ಸೆಕ್ನಿಡಜೋಲ್‌ಗೆ ಬರೀ ಒಂದು ಮೀಥೈಲ್ ಹೆಚ್ಚು, ನಿಜವಾದ ಸವಾಲು ಅದು. ಡೈಮೆಟ್ರಿಡಜೋಲ್ ಮೆಟ್ರೋನಿಡಜೋಲ್‌ಗಿಂತ ಚಿಕ್ಕದು. ಆಕಾರ ಅದನ್ನು ತಡೆಯಲಾರದು, ಹೈಡ್ರಾಕ್ಸಿಲ್ ಇಲ್ಲದ್ದರಿಂದ ಹಿಡಿತ ಸಡಿಲವಾಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಪ್ರತಿಯೊಂದನ್ನೂ ಸಮ ಸಾಂದ್ರತೆಯಲ್ಲಿ ಒಂಟಿಯಾಗಿ, ಆಮೇಲೆ ಹತ್ತು ಪಟ್ಟು ಸಾಂದ್ರತೆಯಲ್ಲಿ ಮೆಟ್ರೋನಿಡಜೋಲ್ ಜೊತೆ ಬೆರೆಸಿ ಓದಿ. ಒಂಟಿಯಾಗಿ ಸಿಗ್ನಲ್ ಕೊಡದ ಅಣು ಮಿಶ್ರಣದಲ್ಲಿ ದಾರಿ ತಡೆಯುವುದುಂಟು.

ಹಂತ 8: ನಿಜವಾದ ಮಾದರಿಗಳು

ಮಾತ್ರೆ: 20 ಮಾತ್ರೆ ಪುಡಿ ಮಾಡಿ, ಒಂದು 400 ಮಿ.ಗ್ರಾಂ ಮಾತ್ರೆಯ ಸರಾಸರಿ ತೂಕದಷ್ಟು ಪುಡಿಯನ್ನು 100 ಮಿ.ಲೀ ಬಫರ್‌ನಲ್ಲಿ 15 ನಿಮಿಷ ಸೋನಿಕೇಟ್ ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ. ಸಿಗುವುದು 23.4 ಮಿಲಿಮೋಲಾರ್. ಹತ್ತು ಸಾವಿರ ಪಟ್ಟು ತೆಳುಗೊಳಿಸಿದರೆ 2.34 ಮೈಕ್ರೋಮೋಲಾರ್, ರೇಖೆಯ ವ್ಯಾಪ್ತಿಯೊಳಗೆ. ಅಷ್ಟು ತೆಳುಗೊಳಿಸಿದ ಮೇಲೆ ಯಾವ ಅಡ್ಡಿಯೂ ಉಳಿಯುವುದಿಲ್ಲ, ಹಾಗಾಗಿ ಮಾತ್ರೆಯಲ್ಲಿ ಗೆದ್ದದ್ದು ದೊಡ್ಡ ಗೆಲುವಲ್ಲ.

ರಕ್ತಸಾರ: 500 ಮಿ.ಗ್ರಾಂ ನುಂಗಿದವರಲ್ಲಿ ಗರಿಷ್ಠ ಮಟ್ಟ ಮಿಲಿಲೀಟರಿಗೆ ಸುಮಾರು 12 ಮೈಕ್ರೋಗ್ರಾಂ, ಅಂದರೆ 70 ಮೈಕ್ರೋಮೋಲಾರ್. ಒಂದು ಪಾಲು ರಕ್ತಸಾರಕ್ಕೆ ಮೂರು ಪಾಲು ಅಸಿಟೋನೈಟ್ರೈಲ್ ಸೇರಿಸಿ ಪ್ರೋಟೀನ್ ಒತ್ತರಿಸಿ (ಗಟ್ಟಿಯಾಗಿ ಬೇರ್ಪಡುವಂತೆ ಮಾಡಿ), ನಿಮಿಷಕ್ಕೆ 10,000 ಸುತ್ತಿನಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಇಲ್ಲಿಗೆ ಅದು ನಾಲ್ಕು ಪಟ್ಟು ತೆಳುವಾಗಿದೆ, ಮೇಲಿನ ತಿಳಿಯನ್ನು ಬಫರ್‌ನಲ್ಲಿ ಇನ್ನೂ ನೂರು ಪಟ್ಟು ತೆಳುಗೊಳಿಸಿ. ಅಸಿಟೋನೈಟ್ರೈಲ್ ಶೇ 1ಕ್ಕಿಂತ ಕೆಳಗಿಳಿಯುತ್ತದೆ, ಔಷಧ 0.17 ಮೈಕ್ರೋಮೋಲಾರ್ ಆಸುಪಾಸು. ದ್ರಾವಕ ಹೆಚ್ಚು ಉಳಿದರೆ ಪದರ ಉಬ್ಬಿ ಬಂಧ ಸಡಿಲಾಗುತ್ತದೆ. ಪ್ರೋಟೀನ್ ಉಳಿದರೆ ಎಂಐಪಿ, ಎನ್‌ಐಪಿ ಎರಡರಲ್ಲೂ ಪ್ರವಾಹ ಒಟ್ಟಿಗೆ ಕುಸಿಯುತ್ತದೆ. ಮಾನವ ಮಾದರಿಗಳಿಗೆ ನೈತಿಕ ಸಮಿತಿಯ ಅನುಮತಿ, ಜೈವಿಕ ಸುರಕ್ಷತೆ ಎರಡೂ ಮೊದಲೇ ಇರಬೇಕು.

ಬಫರ್‌ನಲ್ಲಿ ಎಳೆದ ರೇಖೆಯನ್ನು ಇಂಥ ಮಾದರಿಗೆ ನೇರವಾಗಿ ಅನ್ವಯಿಸಬೇಡಿ. ಅದೇ ಮಾದರಿಗೆ ಗೊತ್ತಿರುವಷ್ಟು ಔಷಧವನ್ನು ಮೂರು ನಾಲ್ಕು ಬಾರಿ ಸೇರಿಸಿ ಓದುವ ಮಾನಕ ಸೇರ್ಪಡೆ ವಿಧಾನವೇ ಸೂಕ್ತ. ರೇಖೆ ಬಾಗದ ಕಿರು ವ್ಯಾಪ್ತಿಯೊಳಗೇ ಸೇರಿಸಿ. ಮರುಪಡೆತ ನೋಡಲು ಔಷಧವನ್ನು ಪ್ರೋಟೀನ್ ತೆಗೆಯುವ ಮೊದಲು ಸೇರಿಸಬೇಕು. ತೆಳುಗೊಳಿಸಿದ ಮೇಲೆ ಸೇರಿಸಿದರೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಸಂಸ್ಕರಣೆಯಲ್ಲಿ ಕಳೆದದ್ದು ಮಾತ್ರ ಲೆಕ್ಕಕ್ಕೇ ಬರುವುದಿಲ್ಲ.

ನೇರ ವಿಧಾನದ ಅಡ್ಡಪರಿಶೀಲನೆ

ಔಷಧ ಹಿಡಿಸಿದ ಎಲೆಕ್ಟ್ರೋಡನ್ನು ಸೂಚಕದ ಬದಲು ಖಾಲಿ ಫಾಸ್ಫೇಟ್ ಬಫರ್‌ಗೆ ಒಯ್ದು, −0.3ರಿಂದ −1.0 ವೋಲ್ಟ್‌ವರೆಗೆ ಡಿಪಿವಿ ಓದಿ. 15 ನಿಮಿಷ ನೈಟ್ರೋಜನ್ ಹಾಯಿಸಿರಬೇಕು, ಇಲ್ಲದಿದ್ದರೆ ಆಮ್ಲಜನಕದ ಶಿಖರ ಇದೇ ಜಾಗದಲ್ಲಿ ಎದ್ದು ಎಲ್ಲವನ್ನೂ ಮುಚ್ಚುತ್ತದೆ. ಔಷಧ ನಾಲ್ಕು ಎಲೆಕ್ಟ್ರಾನ್ ಪಡೆದು ಹೈಡ್ರಾಕ್ಸಿಲಮೈನ್ ಆಗುತ್ತದೆ, ಅಂದರೆ ಓದಿದೊಡನೆ ಔಷಧ ಖರ್ಚಾದಂತೆ. ಮರು ಓದಿಗೆ ಮತ್ತೆ ತೊಳೆದು ಮತ್ತೆ ಹಿಡಿಸಬೇಕು. ಸೂಕ್ಷ್ಮತೆ ಪರೋಕ್ಷ ವಿಧಾನಕ್ಕಿಂತ ಕಡಿಮೆ. ಇದರ ಬೆಲೆ ಬೇರೆ: ಕೊಳೆ ಅಂಟಿದರೆ ಪರೋಕ್ಷ ಸಿಗ್ನಲ್ ಹೆಚ್ಚಿದಂತೆ ಕಾಣುತ್ತದೆ, ನೇರ ಶಿಖರ ಮಾತ್ರ ನೈಟ್ರೋ ಗುಂಪು ಇದ್ದರಷ್ಟೇ ಏಳುತ್ತದೆ. ಟಿನಿಡಜೋಲ್ ಕೂಡ ಸುಮಾರು ಅದೇ ವೋಲ್ಟೇಜಿನಲ್ಲಿ ಏಳುವುದರಿಂದ ಇದು ಬಂಧುಗಳನ್ನು ಬೇರ್ಪಡಿಸದು.

ಕೆಟ್ಟಾಗ ಎಲ್ಲಿ ನೋಡಬೇಕು

ಎಂಐಪಿ, ಎನ್‌ಐಪಿ ಎರಡೂ ಸಮಾನವಾಗಿ ಇಳಿಯುತ್ತಿದ್ದರೆ ಮಾದರಿಯಲ್ಲಿ ಅಂಟುವ ವಸ್ತುವಿದೆ, ಅಥವಾ ಸೂಚಕ ದ್ರಾವಣ ಹಳತಾಗಿದೆ. ಖಾಲಿ ಎಲೆಕ್ಟ್ರೋಡಿನಲ್ಲಿ ಸೂಚಕವನ್ನು ಮೊದಲು ಪರೀಕ್ಷಿಸಿ. ಔಷಧ ಸೇರಿಸಿದಾಗ ಪ್ರವಾಹ ಇಳಿಯುವ ಬದಲು ಏರಿದರೆ ಹಿಂದಿನ ತೊಳೆತ ಅಪೂರ್ಣವಾಗಿದ್ದು ಕುಳಿಗಳು ಈಗ ತೆರೆಯುತ್ತಿವೆ, ಇಲ್ಲವೇ ಪದರ ಬಿರಿಯುತ್ತಿದೆ. ಖಾಲಿ ಬಫರ್‌ನಲ್ಲಿ ಎರಡು ಓದು ತೆಗೆದರೆ ಯಾವುದೆಂದು ತಿಳಿಯುತ್ತದೆ. ಶಿಖರ ಸ್ಥಾನ ದಿನದಿನಕ್ಕೆ ಸರಿಯುತ್ತಿದ್ದರೆ ಸೆನ್ಸರ್ ಮೇಲೆ ಅನುಮಾನ ಬೇಡ, ರೆಫರೆನ್ಸ್‌ನ ಕೆಸಿಎಲ್ ಒಣಗಿದೆಯೇ, ತುದಿಯಲ್ಲಿ ಗುಳ್ಳೆ ಕುಳಿತಿದೆಯೇ ನೋಡಿ.

ಮರುಬಳಕೆಗೆ 10 ನಿಮಿಷ ಮೆಥನಾಲ್-ಆಮ್ಲ ತೊಳೆತ, ಬಫರ್, ಮತ್ತೆ ಶೂನ್ಯದ ಓದು. ಶೂನ್ಯ ಪ್ರವಾಹ ಮೊದಲ ದಿನದ್ದಕ್ಕಿಂತ ಶೇ 10ರಷ್ಟು ಸರಿದರೆ ಆ ಪದರದ ಆಯುಷ್ಯ ಮುಗಿಯಿತು, ಪಾಲಿಶ್ ಮಾಡಿ ಹೊಸದು ಬೆಳೆಸಿ. ಬಳಸದಿರುವಾಗ ಒಣಗಿಸಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕತ್ತಲಲ್ಲಿಡಿ, ತೆಗೆದಾಗ 20 ನಿಮಿಷ ಬಫರ್‌ನಲ್ಲಿ ನೆನೆಸಿದ ಮೇಲೆಯೇ ಓದಿ. ಉಳಿದ ಓಪಿಡಿ ದ್ರಾವಣ ಮತ್ತು ಮೆಥನಾಲ್ ಸಾವಯವ ತ್ಯಾಜ್ಯದ ಡಬ್ಬಕ್ಕೆ. ಸೂಚಕ ದ್ರಾವಣಕ್ಕೆ ಪ್ರತ್ಯೇಕ ಡಬ್ಬ ಇಡಿ, ಆಮ್ಲ ತ್ಯಾಜ್ಯದ ಜೊತೆ ಎಂದಿಗೂ ಬೆರೆಸಬೇಡಿ: ಪ್ರಬಲ ಆಮ್ಲದಲ್ಲಿ ಅದರಿಂದ ಹೈಡ್ರೋಜನ್ ಸಯನೈಡ್ ಅನಿಲ ಬಿಡುಗಡೆಯಾಗಬಹುದು.